ಜೋಳದ ರೊಟ್ಟಿ, ತೊಗರಿಬೇಳೆ ಮತ್ತು ಯಕೃತ್ತಿನ ಕೆಲಸ

ಉಟ್ಕೂರು, ಮಕ್ತಲ, ನಾರಾಯಣಪೇಟೆಗಳ ಕಡೆಯ ಕನ್ನಡ ಮನೆಗಳಲ್ಲಿ ರೊಟ್ಟಿ ಎಂದರೆ ಜೋಳದ ರೊಟ್ಟಿಯೇ. ಅದಕ್ಕೆ ಬೇರೆ ವಿಶೇಷಣ ಬೇಕಾಗುವುದಿಲ್ಲ. ಕೃಷ್ಣೆ ತುಂಗಭದ್ರೆಗಳ ನಡುವಿನ ಗದ್ವಾಲದ ಸೀಮೆಯಲ್ಲಿಯೂ ಹಾಗೆಯೇ. 1956ರ ನವೆಂಬರ್ 1ರಂದು ಹೈದರಾಬಾದು ಸಂಸ್ಥಾನ ಹಂಚಿಹೋದಾಗ ರಾಯಚೂರು ಗುಲಬರ್ಗಾಗಳು ಮೈಸೂರು ರಾಜ್ಯಕ್ಕೂ ಮಹಬೂಬನಗರ ಜಿಲ್ಲೆ ಆಂಧ್ರಪ್ರದೇಶಕ್ಕೂ ಸೇರಿದವು. 2014ರಲ್ಲಿ ತೆಲಂಗಾಣ ರಾಜ್ಯವಾಯಿತು, 2019ರಲ್ಲಿ ನಾರಾಯಣಪೇಟೆಯೇ ಒಂದು ಜಿಲ್ಲೆಯಾಯಿತು. ಕಚೇರಿಯ ಭಾಷೆ ಬದಲಾಯಿತು, ಶಾಲೆಯ ಪುಸ್ತಕ ಬದಲಾಯಿತು. ಹಂಚಿನ ಮೇಲೆ ಬಡಿದು ಬೇಯಿಸುವ ರೊಟ್ಟಿ ಮಾತ್ರ ಗಡಿಯ ಎರಡು ಬದಿಗೂ ಒಂದೇ ಆಗಿ ಉಳಿಯಿತು.

ಈ ರೊಟ್ಟಿಯ ವಿಷಯದಲ್ಲಿ ನಮ್ಮವರಿಗೆ ಅಭಿಮಾನವಿರುವುದು ಸಹಜ. ಜೋಳ ತಿಂದವನು ತೋಳ ಹಿಡಿದಾನೆಂಬ ನಂಬಿಕೆ ನಮ್ಮ ಸೀಮೆಯದು. ಆದರೆ ಇದೇ ಜೋಳವನ್ನು ಹೈದರಾಬಾದಿನ ಒಂದು ಪ್ರಯೋಗಾಲಯದಲ್ಲಿ ವಿಜ್ಞಾನಿಗಳು ಸುಮಾರು ಎರಡು ದಶಕಗಳ ಕಾಲ ಸಂಶಯದ ಕಣ್ಣಿನಿಂದ ಪರೀಕ್ಷಿಸಿದರೆಂಬುದೂ, ಆ ಪರೀಕ್ಷೆಯ ಫಲ ಜಗತ್ತಿನ ವೈದ್ಯಶಾಸ್ತ್ರದ ಪುಸ್ತಕಗಳಲ್ಲಿ ಸೇರಿತೆಂಬುದೂ ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು. ತಟ್ಟೆಯಲ್ಲಿರುವ ಅನ್ನ ರೊಟ್ಟಿಗಳೊಳಗಿನ ಅತಿ ಸೂಕ್ಷ್ಮ ವಸ್ತುಗಳು ಹೊಟ್ಟೆಯೊಳಗಿನ ಅಂಗಗಳ ಕೆಲಸವನ್ನು ಹೇಗೆ ನಡೆಸುತ್ತವೆ, ಹೇಗೆ ನಿಲ್ಲಿಸುತ್ತವೆ ಎಂಬ ದೊಡ್ಡ ಪ್ರಶ್ನೆಯ ಒಂದು ಅಧ್ಯಾಯ ನಮ್ಮ ದಖ್ಖಣದ ನೆಲದಲ್ಲಿಯೇ ಬರೆಯಲ್ಪಟ್ಟಿತು.

ಮೊದಲು ಸಸಾರಜನಕದ ಮಾತು. ಪ್ರೋಟೀನು ಎಂದು ಇಂದು ಎಲ್ಲರ ಬಾಯಲ್ಲಿರುವ ವಸ್ತುವೇ ಅದು. ಬೇಳೆ, ಹಾಲು, ಮೊಟ್ಟೆ, ಮಾಂಸ, ಧಾನ್ಯ ಯಾವುದರಿಂದ ಬಂದರೂ ಅದು ಕರುಳಿನಲ್ಲಿ ಹಾಗೆಯೇ ರಕ್ತಕ್ಕೆ ಸೇರುವುದಿಲ್ಲ. ಜೀರ್ಣರಸಗಳು ಅದನ್ನು ಬಿಡಿಬಿಡಿಯಾಗಿ ಕತ್ತರಿಸುತ್ತವೆ; ಆ ಬಿಡಿ ತುಣುಕುಗಳೇ ಅಮೈನೋ ಆಮ್ಲಗಳು. ಒಟ್ಟು 20 ಬಗೆಯವು ನಮ್ಮ ದೇಹದ ಸಸಾರಜನಕಗಳಲ್ಲಿವೆ. ಅವುಗಳಲ್ಲಿ ಹಲವನ್ನು ದೇಹ ತಾನೇ ಮಾಡಿಕೊಳ್ಳಬಲ್ಲದು. ಒಂಬತ್ತನ್ನು ಮಾತ್ರ ಮಾಡಿಕೊಳ್ಳಲಾರದು, ಅವು ಊಟದಿಂದಲೇ ಬರಬೇಕು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ವಿಲಿಯಂ ರೋಸ್ ಎಂಬ ರಸಾಯನಶಾಸ್ತ್ರಜ್ಞ 1935ರಲ್ಲಿ ಥ್ರಿಯೋನಿನ್ ಎಂಬುದನ್ನು ಕಂಡುಹಿಡಿದಾಗ ಈ ಪಟ್ಟಿಗೆ ಸ್ಪಷ್ಟ ರೂಪ ಬಂತು. ಮುಂದೆ 1940ರ ದಶಕದಲ್ಲಿ ಅವನು ತನ್ನ ವಿದ್ಯಾರ್ಥಿಗಳಿಗೆ ಪಿಷ್ಟ, ಸಕ್ಕರೆ, ಬೆಣ್ಣೆಯ ಕೊಬ್ಬು ಇವುಗಳೊಡನೆ ಶುದ್ಧ ಅಮೈನೋ ಆಮ್ಲಗಳನ್ನೇ ಉಣಿಸಿ ನೋಡಿದನು. ಅತ್ಯವಶ್ಯಕವಾದ ಒಂದೇ ಒಂದನ್ನು ತೆಗೆದರೆ ಸಾಕು, ಕೆಲವೇ ದಿನಗಳಲ್ಲಿ ಹಸಿವು ಇಂಗುತ್ತಿತ್ತು, ದಣಿವು ಸಿಡುಕು ಹೆಚ್ಚುತ್ತಿತ್ತು, ದೇಹ ತಾನು ಪಡೆದದ್ದಕ್ಕಿಂತ ಹೆಚ್ಚು ಸಾರಜನಕವನ್ನು ಕಳೆದುಕೊಳ್ಳುತ್ತಿತ್ತು. ತೆಗೆದದ್ದನ್ನು ಮರಳಿ ಕೊಟ್ಟೊಡನೆ ಎಲ್ಲವೂ ಸರಿಹೋಗುತ್ತಿತ್ತು.

ಇದನ್ನು ತಿಳಿಯಲು ನಾರಾಯಣಪೇಟೆಯ ಮಗ್ಗವನ್ನು ನೆನೆದರೆ ಸಾಕು. ಸೀರೆಯ ಒಡಲಿಗೆ ಬೇಕಾದ ನೂಲು ರಾಶಿ ಬಿದ್ದಿದ್ದರೂ ಅಂಚಿಗೆ ಹಾಕುವ ಬಣ್ಣದ ನೂಲು ತೀರಿದರೆ ನೇಯ್ಗೆ ನಿಲ್ಲಬೇಕು. ಉಳಿದ ನೂಲು ಎಷ್ಟಿದ್ದರೇನು? ಮಗ್ಗದವನಾದರೂ ಉಳಿದ ನೂಲನ್ನು ನಾಳೆಗೆಂದು ಎತ್ತಿಡಬಲ್ಲನು. ದೇಹಕ್ಕೆ ಆ ಅನುಕೂಲ ಬಹಳ ಕಡಿಮೆ. ಬಳಕೆಯಾಗದ ಅಮೈನೋ ಆಮ್ಲಗಳನ್ನು ಯಕೃತ್ತು ಒಡೆದು, ಸಾರಜನಕದ ಭಾಗವನ್ನು ಯೂರಿಯ ಮಾಡಿ ಮೂತ್ರಪಿಂಡಗಳಿಗೆ ಒಪ್ಪಿಸುತ್ತದೆ. ಉಳಿದದ್ದನ್ನು ಇಂಧನವಾಗಿ ಸುಡುತ್ತದೆ.

ಒಳಗಿನ ಈ ನೇಯ್ಗೆ ಎಷ್ಟು ದೊಡ್ಡದೆಂಬುದನ್ನು ಕೇಳಿದರೆ ಆಶ್ಚರ್ಯವಾಗುತ್ತದೆ. ವಯಸ್ಕನೊಬ್ಬನ ದೇಹದಲ್ಲಿ ದಿನವೊಂದಕ್ಕೆ 250ರಿಂದ 300 ಗ್ರಾಂನಷ್ಟು ಸಸಾರಜನಕ ಹೊಸದಾಗಿ ನಿರ್ಮಾಣವಾಗುತ್ತದೆ, ಅಷ್ಟೇ ಹಳೆಯದು ಒಡೆಯುತ್ತದೆ. ನಾವು ಉಣ್ಣುವುದು ಐವತ್ತು ಅರುವತ್ತು ಗ್ರಾಂ ಮಾತ್ರ. ಮಿಕ್ಕದ್ದೆಲ್ಲ ಹಳೆಯದನ್ನು ಬಿಚ್ಚಿ ಮತ್ತೆ ನೇಯ್ದದ್ದು. ಈ ಕೆಲಸದಲ್ಲಿ ಎಲ್ಲ ಅಂಗಗಳೂ ಸಮಾನವಲ್ಲ. ಮೂಳೆಯ ಸುತ್ತಲಿನ ಮಾಂಸಖಂಡ ನಿಧಾನವಾದದ್ದು, ಸಣ್ಣ ಕರುಳಿನ ಒಳಪದರ ಮೂರರಿಂದ ಐದು ದಿನಗಳಲ್ಲಿ ಪೂರ್ತಿ ಹೊಸದಾಗುತ್ತದೆ. ಮೇದೋಜೀರಕಾಂಗ ಪ್ರತಿ ಊಟಕ್ಕೂ ಜೀರ್ಣರಸದ ಕಿಣ್ವಗಳನ್ನು ಸುರಿಸಬೇಕು, ಆ ಕಿಣ್ವಗಳೂ ಸಸಾರಜನಕಗಳೇ. ಯಕೃತ್ತು ತನಗೆ ಬೇಕಾದದ್ದನ್ನಲ್ಲದೆ ಇಡೀ ರಕ್ತಕ್ಕೆ ಬೇಕಾದ ಆಲ್ಬುಮಿನ್ ಎಂಬುದನ್ನು ದಿನಕ್ಕೆ ಹತ್ತು ಹನ್ನೆರಡು ಗ್ರಾಂನಷ್ಟು ತಯಾರಿಸುತ್ತದೆ. ರಕ್ತದ ನೀರು ನಾಳಗಳಿಂದ ಹೊರಗೆ ಸೋರದಂತೆ ಹಿಡಿದಿಡುವುದು ಮುಖ್ಯವಾಗಿ ಈ ಆಲ್ಬುಮಿನ್.

ಊಟದ ಅಮೈನೋ ಆಮ್ಲಗಳಿಗೆ ಮೊದಲ ಹಕ್ಕುದಾರ ಕರುಳು. ಬಂದದ್ದರಲ್ಲಿ ಒಂದು ಪಾಲನ್ನು ಅದು ದಾರಿಯಲ್ಲೇ ತೆಗೆದುಕೊಳ್ಳುತ್ತದೆ. ಥ್ರಿಯೋನಿನ್ನಿನ ದೊಡ್ಡ ಭಾಗ ಕರುಳಿನ ಗೋಡೆಯನ್ನು ಕಾಯುವ ಲೋಳೆಯ ತಯಾರಿಕೆಗೇ ಹೋಗುತ್ತದೆ. ಉಳಿದದ್ದು ದ್ವಾರರಕ್ತನಾಳದ ಮೂಲಕ ಯಕೃತ್ತಿಗೆ. ಅಲ್ಲಿ ಒಂದು ವಿಚಿತ್ರ ಏರ್ಪಾಡಿದೆ: ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಎಂಬ ಮೂರನ್ನು ಒಡೆಯುವ ಮೊದಲ ಕಿಣ್ವ ಯಕೃತ್ತಿನಲ್ಲಿ ಬಹಳ ಕಡಿಮೆ. ಹೀಗಾಗಿ ಆ ಮೂರು ಯಕೃತ್ತನ್ನು ದಾಟಿ ಬಹುಪಾಲು ಮಾಂಸಖಂಡಗಳಿಗೆ ಹೋಗುತ್ತವೆ. ಈ ಮೂರರ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು. ಜೋಳದ ಕಥೆಯಲ್ಲಿ ಅವು ಮತ್ತೆ ಬರುತ್ತವೆ.

ಊಟ ಕಡಿಮೆಯಾದಾಗ ಯಾವ ಅಂಗ ಮೊದಲು ಬಡವಾಗುತ್ತದೆ? 1936ರಲ್ಲಿ ಥಾಮಸ್ ಅಡಿಸ್ ಮತ್ತು ಅವನ ಸಂಗಡಿಗರು ಇಲಿಗಳನ್ನು ಏಳು ದಿನ ಉಪವಾಸವಿರಿಸಿ ತೂಗಿ ನೋಡಿದರು. ಯಕೃತ್ತು ತನ್ನ ಸಸಾರಜನಕದ ಸುಮಾರು ಶೇಕಡಾ 40ರಷ್ಟನ್ನು ಕಳೆದುಕೊಂಡಿತ್ತು. ಮಿದುಳು ಕಳೆದುಕೊಂಡದ್ದು ಶೇಕಡಾ 5ರಷ್ಟು ಮಾತ್ರ. ಮನೆಯಲ್ಲಿ ಬರಗಾಲ ಬಂದಾಗ ದುಡಿಯುವ ಹಿರಿಯ ಮೊದಲು ತನ್ನ ತುತ್ತನ್ನು ಬಿಟ್ಟುಕೊಡುವಂತೆ ಯಕೃತ್ತು ವರ್ತಿಸುತ್ತದೆ ಎನ್ನಬಹುದು.

ಹಮೀಶ್ ಮನ್ರೋ ಎಂಬ ಬ್ರಿಟಿಷ್ ವಿಜ್ಞಾನಿಯ ಪ್ರಯೋಗ ಇನ್ನೂ ಸೂಕ್ಷ್ಮವಾದದ್ದು. 1965ರಲ್ಲಿ ಪ್ರಕಟವಾದ ಕೆಲಸದಲ್ಲಿ ಅವನೂ ಅವನ ಜೊತೆಗಾರರೂ ಇಲಿಗಳಿಗೆ ಅಮೈನೋ ಆಮ್ಲಗಳ ಮಿಶ್ರಣವನ್ನು ಉಣಿಸಿದರು. ಕೆಲವಕ್ಕೆ ಪೂರ್ಣ ಮಿಶ್ರಣ, ಕೆಲವಕ್ಕೆ ಟ್ರಿಪ್ಟೊಫಾನ್ ಎಂಬುದೊಂದನ್ನು ಬಿಟ್ಟದ್ದು. ಜೀವಕೋಶದೊಳಗೆ ಸಸಾರಜನಕ ನೇಯುವ ಕಣಗಳು ಒಂದು ದಾರಕ್ಕೆ ಪೋಣಿಸಿದ ಮಣಿಗಳಂತೆ ಸಾಲಾಗಿ ಕುಳಿತು ಕೆಲಸ ಮಾಡುತ್ತವೆ. ಪೂರ್ಣ ಮಿಶ್ರಣ ತಿಂದ ಇಲಿಯ ಯಕೃತ್ತಿನಲ್ಲಿ ಸಾಲುಗಳು ಉದ್ದವಾಗಿದ್ದವು. ಟ್ರಿಪ್ಟೊಫಾನ್ ಇಲ್ಲದ್ದನ್ನು ತಿಂದ ಇಲಿಯಲ್ಲಿ ಕೆಲವೇ ಗಂಟೆಗಳಲ್ಲಿ ಸಾಲುಗಳು ಚೆದುರಿ ಬಿಡಿ ಮಣಿಗಳಾಗಿದ್ದವು. ಒಂದು ಹೊತ್ತಿನ ಊಟದ ಗುಣವನ್ನು ಯಕೃತ್ತು ಅಂದೇ ಗುರುತಿಸುತ್ತದೆಂಬುದು ಹೀಗೆ ಕಣ್ಣಿಗೆ ಕಾಣುವಂತೆ ಸಿದ್ಧವಾಯಿತು.

ಗುರುತಿಸುವುದು ಹೇಗೆ ಎಂಬುದು ಮುಂದಿನ ವರ್ಷಗಳಲ್ಲಿ ಬಿಡಿಸಿದ ಒಗಟು. ಕೋಶದೊಳಗೆ ಎರಡು ಕಾವಲುಗಾರರಿದ್ದಾರೆ. ಜಿಸಿಎನ್-2 ಎಂಬ ಒಬ್ಬನ ಕೆಲಸ ಕೊರತೆಯನ್ನು ಕಾಣುವುದು. ಯಾವುದೇ ಅವಶ್ಯಕ ಅಮೈನೋ ಆಮ್ಲ ಬರದೆ ಅದನ್ನು ಹೊತ್ತು ತರುವ ವಾಹಕ ಬರಿಗೈಯಲ್ಲಿ ನಿಂತಾಗ ಇವನು ನೇಯ್ಗೆಯನ್ನು ತಗ್ಗಿಸುತ್ತಾನೆ. ಎಂಟಾರ್ ಎಂಬ ಇನ್ನೊಬ್ಬ ಸಮೃದ್ಧಿಯನ್ನು ಕಂಡು ನೇಯ್ಗೆಗೆ ಅಪ್ಪಣೆ ಕೊಡುವವನು. ಇವನನ್ನು ಎಬ್ಬಿಸುವುದರಲ್ಲಿ ಲ್ಯೂಸಿನ್ ಎಲ್ಲಕ್ಕಿಂತ ಮುಂದು. ಎಂಟಾರ್ ಎಂಬ ಹೆಸರಿನಲ್ಲಿ ರಾಪಮೈಸಿನ್ ಎಂಬ ಔಷಧದ ನೆನಪಿದೆ. ಶಾಂತಸಾಗರದ ಈಸ್ಟರ್ ದ್ವೀಪದಿಂದ 1964ರಲ್ಲಿ ತಂದ ಮಣ್ಣಿನಲ್ಲಿ ಅದು ಸಿಕ್ಕಿತು, ಆ ದ್ವೀಪವನ್ನು ಅಲ್ಲಿಯವರು ರಾಪಾ ನುಯಿ ಎನ್ನುತ್ತಾರೆ. 2004ರಲ್ಲಿ ಪ್ರಕಟವಾದ ಒಂದು ಪ್ರಯೋಗ ಬಹಳ ಅರ್ಥಪೂರ್ಣವಾದದ್ದು. ಜಿಸಿಎನ್-2 ಇಲ್ಲದಂತೆ ಮಾಡಿದ ಇಲಿಗಳಿಗೆ ಲ್ಯೂಸಿನ್ ಇಲ್ಲದ ಆಹಾರ ಕೊಟ್ಟಾಗ ಅವುಗಳ ಯಕೃತ್ತು ಎಚ್ಚರಿಕೆಯೇ ಇಲ್ಲದೆ ನೇಯುತ್ತಲೇ ಹೋಯಿತು. ಅದಕ್ಕೆ ಬೇಕಾದ ಸಾಮಗ್ರಿಯನ್ನು ಒದಗಿಸಿದ್ದು ಮಾಂಸಖಂಡ, ಮೈ ಸವೆದು ಸವೆದು. ಅಂಗಗಳ ನಡುವೆಯೂ ಕೊಡುಕೊಳ್ಳುವ ಲೆಕ್ಕವಿದೆ. ಒಬ್ಬರ ದುಂದು ಇನ್ನೊಬ್ಬರ ಮೈಮೇಲೆ ಬೀಳುತ್ತದೆ.

ಜೋಳದ ಒಗಟು

ಈಗ ನಮ್ಮ ಸೀಮೆಗೆ ಬರೋಣ. 1918ರಲ್ಲಿ ನೀಲಗಿರಿಯ ಕೂನೂರಿನ ಪಾಶ್ಚರ್ ಸಂಸ್ಥೆಯ ಒಂದು ಕೋಣೆಯಲ್ಲಿ ರಾಬರ್ಟ್ ಮೆಕ್ಯಾರಿಸನ್ ಆರಂಭಿಸಿದ ಪೋಷಣಾ ಸಂಶೋಧನೆ 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರವಾಯಿತು; 1969ರಿಂದ ಅದಕ್ಕೆ ರಾಷ್ಟ್ರೀಯ ಪೋಷಣಾ ಸಂಸ್ಥೆ ಎಂಬ ಹೆಸರು. ಸೇಲಂನಲ್ಲಿ ಹುಟ್ಟಿದ ಡಾ. ಸಿ. ಗೋಪಾಲನ್ ಅದರ ನಿರ್ದೇಶಕರಾಗಿದ್ದರು. ಕೂನೂರಿನ ಸುತ್ತ ಅನ್ನ ಉಣ್ಣುವ ಜನರನ್ನು ಕಂಡಿದ್ದ ಸಂಸ್ಥೆಗೆ ಹೈದರಾಬಾದಿನಲ್ಲಿ ಬೇರೆಯ ರೋಗಿಗಳು ಎದುರಾದರು. ಕೊರಳ ಸುತ್ತ, ಮುಂಗೈಗಳ ಮೇಲೆ, ಪಾದಗಳ ಮೇಲೆ, ಅಂದರೆ ಬಿಸಿಲು ಬೀಳುವ ಕಡೆಗಳಲ್ಲೆಲ್ಲ, ಚರ್ಮ ಕಪ್ಪಾಗಿ ದಪ್ಪಗಟ್ಟಿ ಸುಲಿಯುವುದು, ಬಾಯಿ ನಾಲಿಗೆ ಕೆಂಪಾಗಿ ಹುಣ್ಣಾಗುವುದು, ಹೊಟ್ಟೆ ಕಡಿಯುವುದು, ಕಡೆಗೆ ಮನಸ್ಸು ಮಂಕಾಗಿ ಖಿನ್ನತೆ, ಭ್ರಮೆ. ಇದು ಪೆಲಾಗ್ರ. ರೋಗಿಗಳಲ್ಲಿ ಹೆಚ್ಚಿನವರು ದಖ್ಖಣದ ಬಯಲಿನಲ್ಲಿ ಜೋಳವನ್ನೇ ನಂಬಿದ ಬಡ ರೈತರು, ಕೂಲಿಯವರು.

ಪೆಲಾಗ್ರ ಹೊಸ ರೋಗವಲ್ಲ. 1735ರಲ್ಲಿ ಸ್ಪೇನಿನ ಗಾಸ್ಪರ್ ಕಸಾಲ್ ಎಂಬ ವೈದ್ಯ ಅದನ್ನು ಗುರುತಿಸಿದ್ದನು. ಕೊರಳ ಸುತ್ತಲಿನ ಪಟ್ಟಿಗೆ ಕಸಾಲನ ಕಂಠಹಾರ ಎಂದೇ ಹೆಸರು. ಅದು ಮೆಕ್ಕೆಜೋಳ ತಿನ್ನುವ ಬಡವರ ರೋಗವೆಂದು ಪ್ರಸಿದ್ಧವಾಗಿತ್ತು. 1937ರಲ್ಲಿ ಕಾನ್ರಾಡ್ ಎಲ್ವೆಜೆಮ್ ಎಂಬಾತನು ನಿಯಾಸಿನ್ ಎಂಬ ಜೀವಸತ್ವದಿಂದ ಅದು ಗುಣವಾಗುವುದಕ್ಕೆ ದಾರಿ ತೋರಿದನು. 1945ರಲ್ಲಿ ಇನ್ನೊಂದು ಸಂಗತಿ ಹೊರಬಿತ್ತು: ಊಟದಲ್ಲಿ ನಿಯಾಸಿನ್ ಕಡಿಮೆಯಿದ್ದರೂ ಟ್ರಿಪ್ಟೊಫಾನ್ ಸಾಕಷ್ಟಿದ್ದರೆ ಯಕೃತ್ತು ಅದರಿಂದ ನಿಯಾಸಿನ್ ತಯಾರಿಸಿಕೊಳ್ಳುತ್ತದೆ. ಅರುವತ್ತು ಮಿಲಿಗ್ರಾಂ ಟ್ರಿಪ್ಟೊಫಾನಿಗೆ ಒಂದು ಮಿಲಿಗ್ರಾಂ ನಿಯಾಸಿನ್ ಎಂದು ಲೆಕ್ಕ. ಮೆಕ್ಕೆಜೋಳದಲ್ಲಿ ಟ್ರಿಪ್ಟೊಫಾನ್ ಕಡಿಮೆ, ಅದರ ನಿಯಾಸಿನ್ ಕೂಡ ದೇಹಕ್ಕೆ ಸಿಗದಂತೆ ಕಟ್ಟುಬಿದ್ದಿರುತ್ತದೆ. ಆದ್ದರಿಂದ ಮೆಕ್ಕೆಜೋಳದ ಪೆಲಾಗ್ರಕ್ಕೆ ಕಾರಣ ಸ್ಪಷ್ಟವಾಯಿತು.

ಆದರೆ ನಮ್ಮ ಜೋಳದಲ್ಲಿ ಈ ಎರಡು ದೋಷಗಳೂ ಹಾಗೆ ಇರಲಿಲ್ಲ. ನೂರು ಗ್ರಾಂ ಜೋಳದಲ್ಲಿ ನಿಯಾಸಿನ್ ಸುಮಾರು 3 ಮಿಲಿಗ್ರಾಂ, ಗಿರಣಿಯ ಅಕ್ಕಿಯಲ್ಲಿ 2 ಮಿಲಿಗ್ರಾಂಗೂ ಕಡಿಮೆ. ಅಕ್ಕಿ ಉಣ್ಣುವವನಿಗೆ ಪೆಲಾಗ್ರವಿಲ್ಲ, ಹೆಚ್ಚು ನಿಯಾಸಿನ್ ಇರುವ ಜೋಳ ಉಣ್ಣುವವನಿಗೆ ಇದೆ! ಇದೆಂಥ ನ್ಯಾಯ?

ಗೋಪಾಲನ್ ಮತ್ತು ಡಾ. ಎಸ್. ಜಿ. ಶ್ರೀಕಂಠಯ್ಯ ಅವರು ಮೆಕ್ಕೆಜೋಳಕ್ಕೂ ನಮ್ಮ ಜೋಳಕ್ಕೂ ಸಮಾನವಾದದ್ದು ಏನೆಂದು ಹುಡುಕಿದರು. ಸಿಕ್ಕಿದ್ದು ಲ್ಯೂಸಿನ್. ಎರಡು ಧಾನ್ಯಗಳ ಸಸಾರಜನಕದಲ್ಲಿಯೂ ಲ್ಯೂಸಿನ್ ಶೇಕಡಾ 12ರಿಂದ 14ರವರೆಗೆ ಇದೆ. ಅಕ್ಕಿಯಲ್ಲಿ ಸುಮಾರು 8. ಕೊರತೆಯಿಂದ ರೋಗ ಬರುವುದನ್ನು ಎಲ್ಲರೂ ಬಲ್ಲರು. ಇಲ್ಲಿ ಒಂದರ ಹೆಚ್ಚಳ ಇನ್ನೊಂದರ ಕೊರತೆಯನ್ನು ಹುಟ್ಟಿಸುತ್ತಿರಬಹುದೇ ಎಂಬುದು ಅವರ ಪ್ರಶ್ನೆ. 1960ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ವೈದ್ಯಪತ್ರಿಕೆಯಲ್ಲಿ ಅವರ ಲೇಖನ ಪ್ರಕಟವಾಯಿತು. ಲ್ಯೂಸಿನ್ ಕೊಟ್ಟಾಗ ಟ್ರಿಪ್ಟೊಫಾನ್ ಮತ್ತು ನಿಯಾಸಿನ್‌ಗಳ ವ್ಯವಹಾರ ಕೆಡುವುದನ್ನು ರೋಗಿಗಳ ಮೂತ್ರಪರೀಕ್ಷೆ ತೋರಿಸಿತ್ತು. ಆಮೇಲೆ ಅದೇ ಸಂಸ್ಥೆಯಲ್ಲಿ ಭವಾನಿ ಬೆಳವಾಡಿಯವರೇ ಮೊದಲಾದವರು ನಾಯಿಗಳಿಗೆ ಲ್ಯೂಸಿನ್ ಹೆಚ್ಚಿರುವ ಆಹಾರ ಕೊಟ್ಟು ಪೆಲಾಗ್ರಕ್ಕೆ ಸಮನಾದ ಕಪ್ಪುನಾಲಿಗೆ ರೋಗ ಬರುವುದನ್ನು ಕಂಡರು. 1971ರಲ್ಲಿ ಕಮಲಾ ಕೃಷ್ಣಸ್ವಾಮಿ ಮತ್ತು ಗೋಪಾಲನ್ ಅವರು ಲ್ಯೂಸಿನ್ನಿನ ಸೋದರನಾದ ಐಸೊಲ್ಯೂಸಿನ್ ಕೊಟ್ಟರೆ ರೋಗಿಗಳ ಚರ್ಮವೂ ಮಿದುಳಿನ ವಿದ್ಯುತ್ ಅಲೆಗಳೂ ಸುಧಾರಿಸುವುದನ್ನು ವರದಿ ಮಾಡಿದರು. ಅಂದರೆ ಪ್ರಶ್ನೆ ಎಷ್ಟು ಎಂಬುದಷ್ಟೇ ಅಲ್ಲ, ಒಂದಕ್ಕೊಂದು ಯಾವ ಪ್ರಮಾಣದಲ್ಲಿದೆ ಎಂಬುದು. ಬಿ-6 ಜೀವಸತ್ವಕ್ಕೂ ಇದರಲ್ಲಿ ಪಾತ್ರವಿದೆಯೆಂದು ಮುಂದೆ ತೋರಿಬಂತು. ಟ್ರಿಪ್ಟೊಫಾನನ್ನು ನಿಯಾಸಿನ್ ಮಾಡುವ ದಾರಿಯಲ್ಲಿ ಕೆಲಸ ಮಾಡುವ ಯಕೃತ್ತಿನ ಕಿಣ್ವವೊಂದಕ್ಕೆ ಬಿ-6 ಬೇಕೇ ಬೇಕು.

ಈ ಸಿದ್ಧಾಂತವನ್ನು ಎಲ್ಲರೂ ಒಪ್ಪಲಿಲ್ಲ ಎಂಬುದನ್ನೂ ಹೇಳಬೇಕು. ಹೊರದೇಶಗಳ ಕೆಲವು ಪ್ರಯೋಗಾಲಯಗಳಲ್ಲಿ ಮನುಷ್ಯರಿಗೆ ಲ್ಯೂಸಿನ್ ಕೊಟ್ಟಾಗ ಹೈದರಾಬಾದಿನ ಫಲಿತಾಂಶ ಮರುಕಳಿಸಲಿಲ್ಲ. ಜೋಳವನ್ನಷ್ಟೇ ತಿನ್ನುವ ಬಡತನದಲ್ಲಿ ನಿಯಾಸಿನ್, ಟ್ರಿಪ್ಟೊಫಾನ್, ಬಿ-6 ಎಲ್ಲವೂ ಅಂಚಿನಲ್ಲಿರುತ್ತವೆ. ಹಾಗಿದ್ದಾಗ ಮಾತ್ರ ಲ್ಯೂಸಿನ್ನಿನ ಭಾರ ತಕ್ಕಡಿಯನ್ನು ಕೆಡವುತ್ತದೆ ಎಂದು ತಿಳಿಯುವುದು ಯುಕ್ತವೆಂದು ನನಗೆ ತೋರುತ್ತದೆ. ಜೋಳದ ರೊಟ್ಟಿ ತಿಂದವರೆಲ್ಲ ಪೆಲಾಗ್ರ ಪಡೆಯಲಿಲ್ಲ. ರೊಟ್ಟಿಯ ಜೊತೆಗೆ ಏನೂ ಇಲ್ಲದವರು ಪಡೆದರು.

ರೊಟ್ಟಿಯ ಜೊತೆಗಿನ ವಸ್ತುವಿನ ಬೆಲೆ ಏನೆಂಬುದನ್ನು ಆಫ್ರಿಕದ ಒಂದು ದುರಂತ ಜಗತ್ತಿಗೆ ತೋರಿಸಿತು. ಮೊಜಾಂಬಿಕ್‌ನ ಯುದ್ಧದಿಂದ ಓಡಿ ಬಂದು ಮಲಾವಿ ದೇಶದ ಶಿಬಿರಗಳಲ್ಲಿದ್ದ ನಿರಾಶ್ರಿತರಿಗೆ ಪಡಿತರವಾಗಿ ಮೆಕ್ಕೆಜೋಳವೂ ಶೇಂಗಾವೂ ದೊರೆಯುತ್ತಿದ್ದವು. 1989ರಲ್ಲಿ ಶೇಂಗಾ ಬರುವುದು ತಪ್ಪಿತು. 1990ರಲ್ಲಿ ಸುಮಾರು 18,000 ಜನ ಪೆಲಾಗ್ರಕ್ಕೆ ಗುರಿಯಾದರು. ನೂರು ಗ್ರಾಂ ಶೇಂಗಾದಲ್ಲಿ ನಿಯಾಸಿನ್ ಸುಮಾರು 20 ಮಿಲಿಗ್ರಾಂ ಇರುವುದೆಂದು ನಮ್ಮ ಹೈದರಾಬಾದಿನ ಕೋಷ್ಟಕಗಳೇ ಹೇಳುತ್ತವೆ. ರೊಟ್ಟಿಯ ಮಗ್ಗುಲಲ್ಲಿ ಒಂದು ಹಿಡಿ ಶೇಂಗಾ ಹಿಂಡಿ ಇಟ್ಟ ನಮ್ಮ ಅಜ್ಜಿಯರಿಗೆ ಈ ಲೆಕ್ಕ ಬರುತ್ತಿರಲಿಲ್ಲ. ಹಿಂಡಿ ಇಡುವುದು ಮಾತ್ರ ಬರುತ್ತಿತ್ತು.

ದಖ್ಖಣದಲ್ಲಿ ಪೆಲಾಗ್ರ ಈಗ ವಿರಳ. ಅದನ್ನು ಓಡಿಸಿದ್ದು ಮುಖ್ಯವಾಗಿ ಔಷಧವಲ್ಲ, ಊಟ ಬದಲಾದದ್ದು. 1983ರಲ್ಲಿ ಎನ್. ಟಿ. ರಾಮರಾಯರ ಸರ್ಕಾರ ಆಂಧ್ರಪ್ರದೇಶದಲ್ಲಿ ಕಿಲೋಗೆ ಎರಡು ರೂಪಾಯಿಯ ಅಕ್ಕಿಯನ್ನು ಕೊಡತೊಡಗಿದ ಮೇಲೆ ಜೋಳವೊಂದನ್ನೇ ನಂಬಿದ್ದ ಮನೆಗಳಿಗೆ ಅನ್ನ ಬಂತು. ಇಂದು ಈ ರೋಗ ಅಲ್ಲೊಂದು ಇಲ್ಲೊಂದು ಕಾಣುವುದು ಹೆಚ್ಚಾಗಿ ಅತಿಯಾಗಿ ಕುಡಿಯುವವರಲ್ಲಿ, ಮತ್ತು ಕ್ಷಯಕ್ಕೆ ಐಸೊನಿಯಜಿಡ್ ಎಂಬ ಔಷಧ ತೆಗೆದುಕೊಳ್ಳುವ, ಊಟ ಸಾಲದ ಕೆಲವರಲ್ಲಿ. ಅಂಥ ರೋಗಿಗಳ ಕೊರಳು ಕೈಗಳು ಕಪ್ಪಾದರೆ ಬಿಸಿಲಿನ ಕಪ್ಪೆಂದು ಬಿಡದೆ ವೈದ್ಯರಿಗೆ ತೋರಿಸಬೇಕು.

ಲೈಸಿನ್ನಿನ ಲೆಕ್ಕ

ಪೆಲಾಗ್ರ ಹೋದರೂ ಜೋಳದ ಇನ್ನೊಂದು ಕೊರತೆ ಉಳಿದೇ ಇದೆ. ಅದು ಲೈಸಿನ್ ಎಂಬ ಅಮೈನೋ ಆಮ್ಲದ್ದು. ಮಗ್ಗದ ಹೋಲಿಕೆಯಲ್ಲಿ ಮೊದಲು ತೀರುವ ನೂಲು ಇದೇ. ಜೋಳದ ಸಸಾರಜನಕದಲ್ಲಿ ಲೈಸಿನ್ ನೂರಕ್ಕೆ ಎರಡೂಕಾಲು ಗ್ರಾಂನಷ್ಟು ಮಾತ್ರ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅದರ ಜೊತೆಗಿನ ಸಂಸ್ಥೆಗಳು 2007ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ವಯಸ್ಕರಿಗೆ ದೇಹದ ತೂಕದ ಕಿಲೋ ಒಂದಕ್ಕೆ ದಿನಕ್ಕೆ 30 ಮಿಲಿಗ್ರಾಂ ಲೈಸಿನ್ ಬೇಕು. ಐವತ್ತು ಕಿಲೋ ತೂಗುವ ಹೆಂಗಸಿಗೆ ಒಂದೂವರೆ ಗ್ರಾಂ ಆಯಿತು.

ಅವಳು ದಿನಕ್ಕೆ ಅರ್ಧ ಕಿಲೋ ಜೋಳದ ಹಿಟ್ಟಿನ ರೊಟ್ಟಿ ತಿಂದಳೆನ್ನಿ. ಸಸಾರಜನಕ ಸುಮಾರು 50 ಗ್ರಾಂ, ಕೇಳಲು ಸಾಕಷ್ಟಾಯಿತು. ಲೈಸಿನ್ ಮಾತ್ರ 1.1 ಗ್ರಾಂ, ಅದರಲ್ಲಿಯೂ ಪೂರ್ತಿ ಜೀರ್ಣವಾಗುವುದಿಲ್ಲ. ಈಗ ಅದೇ ಊಟಕ್ಕೆ 50 ಗ್ರಾಂ ತೊಗರಿಬೇಳೆಯನ್ನು ಸೇರಿಸೋಣ. ಬೇಳೆಯಲ್ಲಿ ಸಸಾರಜನಕ ಶೇಕಡಾ 22, ಅದರಲ್ಲಿ ಲೈಸಿನ್ ಶೇಕಡಾ 7ರಷ್ಟು. ಮುಕ್ಕಾಲು ಗ್ರಾಂ ಲೈಸಿನ್ ಬಂತು. ಒಟ್ಟು 1.8 ಗ್ರಾಂ ದಾಟಿತು. ಹಿಡಿ ಬೇಳೆ ತನ್ನ ಸಸಾರಜನಕವನ್ನಷ್ಟೇ ಕೊಡಲಿಲ್ಲ. ಸುಟ್ಟು ಯೂರಿಯವಾಗಿ ಹೋಗಲಿದ್ದ ಜೋಳದ ಸಸಾರಜನಕವನ್ನೂ ಕೆಲಸಕ್ಕೆ ಹಚ್ಚಿತು.

ಇಲ್ಲಿ ಲ್ಯೂಸಿನ್ನಿನ ಇನ್ನೊಂದು ಮುಖವನ್ನೂ ನೋಡಬಹುದು. ವ್ಯಾಯಾಮಶಾಲೆಗೆ ಹೋಗುವ ಯುವಕರು ದುಬಾರಿ ಬೆಲೆಗೆ ಕೊಳ್ಳುವ ಡಬ್ಬಿಗಳ ಮೇಲೆ ಲ್ಯೂಸಿನ್ ಎಂಬ ಹೆಸರು ದೊಡ್ಡದಾಗಿರುತ್ತದೆ. ಅವರ ಅಜ್ಜಿಯ ರೊಟ್ಟಿಯ ಸಸಾರಜನಕದಲ್ಲಿ ಹಾಲಿನ ಪುಡಿಗಿಂತ ಹೆಚ್ಚಿನ ಪ್ರಮಾಣದ ಲ್ಯೂಸಿನ್ ಇದೆ! ಆದರೆ ಲ್ಯೂಸಿನ್ ಕೊಡುವುದು ಮುಖ್ಯವಾಗಿ ಅಪ್ಪಣೆ. ಕಟ್ಟಿರೋ ಎಂದು ಮೇಸ್ತ್ರಿ ಎಷ್ಟು ಕೂಗಿದರೇನು, ಇಟ್ಟಿಗೆ ಇಲ್ಲದಿದ್ದರೆ ಗೋಡೆ ಏಳದು. ಹಾಲಿನಲ್ಲಿ ಅಪ್ಪಣೆಯೂ ಇಟ್ಟಿಗೆಯೂ ಎರಡೂ ಇವೆ. ಜೋಳದಲ್ಲಿ ಅಪ್ಪಣೆ ಜಾಸ್ತಿ, ಇಟ್ಟಿಗೆ ಕಡಿಮೆ. ಇಟ್ಟಿಗೆಯನ್ನು ತರುವುದು ಬೇಳೆ.

ಅಕ್ಕಿಯ ವಿಷಯದಲ್ಲಿ ಲೆಕ್ಕ ಬೇರೆ ದಾರಿ ಹಿಡಿಯುತ್ತದೆ. ಅಕ್ಕಿಯ ಸಸಾರಜನಕ ಶೇಕಡಾ 7ರ ಆಸುಪಾಸು, ಜೋಳಕ್ಕಿಂತ ಸ್ಪಷ್ಟವಾಗಿ ಕಡಿಮೆ. ಆದರೆ ಅದರಲ್ಲಿ ಲೈಸಿನ್ ಪಾಲು ಹೆಚ್ಚು. ಅರ್ಧ ಕಿಲೋ ಅಕ್ಕಿಯಿಂದ ಸಿಗುವ ಲೈಸಿನ್ ಸುಮಾರು ಒಂದೂಕಾಲು ಗ್ರಾಂ. ಅರ್ಧ ಕಿಲೋ ಜೋಳಕ್ಕಿಂತ ಕಡಿಮೆಯೇನಲ್ಲ. ರೊಟ್ಟಿ ಬಿಟ್ಟು ಅನ್ನಕ್ಕೆ ಹೋದದ್ದರಿಂದ ಸಸಾರಜನಕವೆಲ್ಲ ಹೋಯಿತೆಂದು ಹಲುಬುವವರು ಇದನ್ನು ಗಮನಿಸಬೇಕು. ನಾರು, ಕಬ್ಬಿಣ ಮೊದಲಾದ ವಿಷಯಗಳಲ್ಲಿ ಜೋಳದ ಹಿರಿಮೆ ಬೇರೆ, ಅದನ್ನು ಅಲ್ಲಗಳೆಯುವಂತಿಲ್ಲ. ಎರಡೂ ಊಟಗಳಲ್ಲಿ ಲೈಸಿನ್ ಸಾಲದು, ಎರಡಕ್ಕೂ ಬೇಳೆ ಬೇಕು. ನನಗೆ ಕಾಣುವ ನಿಜವಾದ ಅಪಾಯ ಎಲ್ಲಿದೆಯೆಂದರೆ, ಪಡಿತರದ ಅಕ್ಕಿ ಅಗ್ಗವಾಗಿ ಬರುವಾಗ ಅಂಗಡಿಯ ಬೇಳೆಯ ಬೆಲೆ ಏರಿ, ಸಾರಿನಲ್ಲಿ ಬೇಳೆ ತಳದಲ್ಲಿ ಮಾತ್ರ ಉಳಿಯುವುದರಲ್ಲಿ. ತೊಗರಿ ಬೆಳೆಯುವ ನಾಡು ನಮ್ಮದು. ಕಲಬುರಗಿಯ ತೊಗರಿಗೆ 2019ರಲ್ಲಿ, ನೆರೆಯ ತಾಂಡೂರಿನದಕ್ಕೆ 2022ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಬೆಳೆದವನ ಮನೆಯಲ್ಲಿಯೇ ಬೇಳೆ ತೆಳ್ಳಗಾಗುವುದು ವಿಪರ್ಯಾಸ.

ನಮ್ಮ ತಟ್ಟೆಯ ಇತರ ಪದಾರ್ಥಗಳನ್ನು ಇದೇ ಒರೆಗಲ್ಲಿಗೆ ಹಚ್ಚಿದರೆ ಕೆಲವು ನಂಬಿಕೆಗಳು ಸಡಿಲವಾಗುತ್ತವೆ. ಶೇಂಗಾದಲ್ಲಿ ಸಸಾರಜನಕ ಶೇಕಡಾ 25. ಆದರೆ ಅದರ ಲೈಸಿನ್ ಬೇಳೆಯ ಅರ್ಧದಷ್ಟು. ನಿಯಾಸಿನ್ನಿಗೆ ಶೇಂಗಾ ಹಿಂಡಿ ಶ್ರೇಷ್ಠ, ಬೇಳೆಗೆ ಬದಲಿ ಮಾತ್ರ ಅಲ್ಲ. ಹೆಸರು, ಹುರುಳಿ, ಕಡಲೆಗಳು ತೊಗರಿಯ ಸಾಲಿನವೇ. ಹೆಸರುಕಾಳಿನ ಪಲ್ಯ, ಝುಣಕ ಇದ್ದ ದಿನ ಬೇಳೆ ಇಲ್ಲದಿದ್ದರೂ ಚಿಂತೆಯಿಲ್ಲ. ಪುಂಡಿಪಲ್ಯಕ್ಕೆ ಒಂದು ಹಿಡಿ ಬೇಳೆ ಬೆರೆಸಿ ಬೇಯಿಸುವ ಪದ್ಧತಿ ಬಹಳ ಒಳ್ಳೆಯದು. ಮೊಸರಿನಲ್ಲಿ ಸಸಾರಜನಕ ಶೇಕಡಾ 3ರಷ್ಟಿದ್ದರೆ ನೀರು ಬೆರೆಸಿದ ಮಜ್ಜಿಗೆಯಲ್ಲಿ ಒಂದಕ್ಕೂ ಕಡಿಮೆ. ಬೇಸಿಗೆಗೆ ಮಜ್ಜಿಗೆ ಅಮೃತವಿರಬಹುದು, ಬೆಳೆಯುವ ಮಗುವಿಗೆ ಮೊಸರನ್ನೇ ಕೊಡಿ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಸಸಾರಜನಕ, 0.4 ಗ್ರಾಂ ಲೈಸಿನ್. ತೆಲಂಗಾಣದಲ್ಲಿ 2015ರ ಜನವರಿಯಲ್ಲಿ ಆರಂಭವಾದ ಆರೋಗ್ಯಲಕ್ಷ್ಮಿ ಯೋಜನೆಯಲ್ಲಿ ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿ ಊಟದೊಡನೆ ಮೊಟ್ಟೆ ಹಾಲು ಕೊಡುವ ಏರ್ಪಾಡು ಮಾಡಿದ್ದರ ಹಿಂದೆ ಇದೇ ತರ್ಕವಿದೆ. ಮೊಟ್ಟೆ ತಿನ್ನದ ಮನೆಗಳು ಬೇಳೆ ಹಾಲುಗಳನ್ನು ಹೆಚ್ಚಿಸಿದರೆ ಆ ಲೆಕ್ಕವೂ ತುಂಬುತ್ತದೆ.

ಕೊರತೆಯನ್ನು ಬೇರೆ ದಾರಿಯಿಂದ ತುಂಬುವ ಯತ್ನಗಳೂ ನಡೆದವು. 1950ರಲ್ಲಿ ಆರಂಭವಾದ ಮೈಸೂರಿನ ಕೇಂದ್ರ ಆಹಾರ ಸಂಶೋಧನಾಲಯ ಡಾ. ವಿ. ಸುಬ್ರಹ್ಮಣ್ಯನ್ ಅವರ ಕಾಲದಲ್ಲಿ ಎಣ್ಣೆ ತೆಗೆದ ಶೇಂಗಾ ಹಿಟ್ಟು ಮುಕ್ಕಾಲು ಪಾಲು, ಕಡಲೆ ಹಿಟ್ಟು ಕಾಲು ಪಾಲು ಬೆರೆಸಿದ ವಿವಿಧೋಪಯೋಗಿ ಆಹಾರವನ್ನು ತಯಾರಿಸಿತು. 1960ರ ದಶಕದ ಕೊನೆಗೆ ಸರ್ಕಾರಿ ಬೇಕರಿಗಳ ಬ್ರೆಡ್ಡಿಗೆ ಲೈಸಿನ್ ಬೆರೆಸಲಾಯಿತು. ಬ್ರೆಡ್ ಕೊಳ್ಳುವ ಪೇಟೆಯವರಿಗೆ ಅದರ ಅಗತ್ಯವೇ ಅಷ್ಟಿರಲಿಲ್ಲ ಎಂಬುದು ಬೇರೆ ಮಾತು. 1973ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಇಥಿಯೋಪಿಯದ ಜೋಳಗಳಲ್ಲಿ ಹೆಚ್ಚು ಲೈಸಿನ್ ಇರುವ ಎರಡು ತಳಿಗಳನ್ನು ಕಂಡುಹಿಡಿದರು. ಕಾಳು ಸುಕ್ಕಿದ್ದು, ಇಳುವರಿ ಕಡಿಮೆ. ರೈತನ ಹೊಲವನ್ನು ಅವು ಗೆಲ್ಲಲಿಲ್ಲ.

ಸಸಾರಜನಕವೊಂದೇ ಎಲ್ಲಕ್ಕೂ ಮದ್ದು ಎಂಬ ಉತ್ಸಾಹವನ್ನು ತಡೆದವರಲ್ಲಿಯೂ ಗೋಪಾಲನ್ ಮೊದಲಿಗರು. ಊದಿದ ಮುಖ, ಊದಿದ ಪಾದಗಳ ಮಕ್ಕಳ ರೋಗವನ್ನು 1930ರ ದಶಕದಲ್ಲಿ ಇಂದಿನ ಘಾನಾ ದೇಶದಲ್ಲಿ ವಿವರಿಸಿದ ವೈದ್ಯೆ ಸಿಸಿಲಿ ವಿಲಿಯಮ್ಸ್ ಅದಕ್ಕೆ ಅಲ್ಲಿಯ ಜನರ ಹೆಸರಾದ ಕ್ವಾಷಿಯೋರ್ಕರ್ ಎಂಬುದನ್ನೇ ಉಳಿಸಿದಳು. ತಮ್ಮನೋ ತಂಗಿಯೋ ಹುಟ್ಟಿದಾಗ ಮೊಲೆಹಾಲು ತಪ್ಪಿದ ಮಗುವಿಗೆ ಬರುವ ಕಾಯಿಲೆ ಎಂದು ಅದರ ಭಾವ. ಅದು ಬರೀ ಸಸಾರಜನಕದ ಕೊರತೆಯೆಂದು ಬಹುಕಾಲ ನಂಬಿದ್ದರು. ಹೈದರಾಬಾದಿನ ಮಕ್ಕಳನ್ನು ವರ್ಷಗಟ್ಟಲೆ ಅನುಸರಿಸಿದ ಗೋಪಾಲನ್, ಊದಿಕೊಳ್ಳುವ ಮಗುವೂ ಒಣಗಿಹೋಗುವ ಮಗುವೂ ಹೆಚ್ಚುಕಡಿಮೆ ಒಂದೇ ಊಟವನ್ನು ಉಂಡಿದ್ದುದನ್ನು 1968ರಲ್ಲಿ ತೋರಿಸಿದರು. ಒಟ್ಟು ಊಟವೇ ಸಾಲದಾಗ ದೇಹ ತಿಂದ ಬೇಳೆಯನ್ನೂ ಸೌದೆಯಂತೆ ಸುಡುತ್ತದೆ. ಯಕೃತ್ತಿನ ನೇಯ್ಗೆಗೆ ನೂಲು ಉಳಿಯುವುದಿಲ್ಲ. ಆದ್ದರಿಂದ ಮಗುವಿಗೆ ಮೊದಲು ಹೊಟ್ಟೆ ತುಂಬ ಊಟ, ಅದರಲ್ಲಿ ಬೇಳೆ ಹಾಲು, ಮೇಲೆ ಒಂದಿಷ್ಟು ಎಣ್ಣೆ ತುಪ್ಪ. ಪುಡಿಯ ಡಬ್ಬಿ ಆಮೇಲೆ.

ಪಾದ ಊದಿದ ದೊಡ್ಡವರ ವಿಷಯ ಬೇರೆ. ರಕ್ತಪರೀಕ್ಷೆಯಲ್ಲಿ ಆಲ್ಬುಮಿನ್ ಕಡಿಮೆಯೆಂದು ಬಂದರೆ ಊಟದ ಕೊರತೆಯೇ ಕಾರಣವಾಗಿರಬೇಕೆಂದಿಲ್ಲ. ಯಕೃತ್ತಿನ ರೋಗ, ಮೂತ್ರಪಿಂಡದಿಂದ ಸೋರಿಕೆ, ದೀರ್ಘಕಾಲದ ಸೋಂಕು ಇವು ಹೆಚ್ಚಿನ ಸಂದರ್ಭಗಳಲ್ಲಿ ಕಾರಣಗಳು. ಮೂತ್ರಪಿಂಡ ಸೋತವರಿಗೆ ಹೆಚ್ಚಿನ ಸಸಾರಜನಕ ಹಾನಿಯನ್ನೇ ಮಾಡಬಹುದು. ಇಂಥವರ ಊಟವನ್ನು ವೈದ್ಯರು ನಿರ್ಧರಿಸಲಿ, ನೆರೆಮನೆಯವರಲ್ಲ.

ಇನ್ನು ಜೋಳವನ್ನು ಬೇಯಿಸುವ ಬಗೆ. ಜೋಳದ ಮುಖ್ಯ ಸಸಾರಜನಕ ಕಾಫಿರಿನ್. ನೀರಿನಲ್ಲಿ ಬೇಯುವಾಗ ಅದು ಒಂದಕ್ಕೊಂದು ಹೆಣೆದುಕೊಂಡು ಜೀರ್ಣರಸಕ್ಕೆ ಸುಲಭವಾಗಿ ಒಗ್ಗದಂತಾಗುತ್ತದೆ. ಪೆರು ದೇಶದ ಲಿಮಾದಲ್ಲಿ ಚಿಕ್ಕ ಮಕ್ಕಳಿಗೆ ಜೋಳದ ಗಂಜಿ ಕೊಟ್ಟು 1981ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅದರ ಸಾರಜನಕದ ಶೇಕಡಾ 46ರಷ್ಟು ಮಾತ್ರ ಮೈಗೆ ಹತ್ತಿತ್ತು. ಸುಡಾನಿನವರಂತೆ ಹಿಟ್ಟನ್ನು ಹುಳಿಬರಿಸಿ ಬೇಯಿಸಿದರೆ ಅದು ಸುಧಾರಿಸುತ್ತದೆ. ನಮ್ಮಲ್ಲಿ ಹಿಟ್ಟನ್ನು ರಾತ್ರಿ ಕಲಸಿಟ್ಟು ಬೆಳಿಗ್ಗೆ ಕುದಿಸುವ ಹುಳಿ ಅಂಬಲಿ ಆ ಬಗೆಯದೇ. ಒಂದು ವರ್ಷ ದಾಟಿದ ಮಗುವಿಗೆ ಅಂಬಲಿ ಕೊಡುವಾಗ ಮೆತ್ತಗೆ ಬೆಂದ ಹೆಸರುಬೇಳೆಯನ್ನು ಹಿಸುಕಿ ಅದರಲ್ಲಿ ಸೇರಿಸಬಹುದು, ಜೋಳ ಮೂರು ಪಾಲಿಗೆ ಬೇಳೆ ಒಂದು ಪಾಲು.